ಎರಡನೇ ಪಾಳಿ

"ಆರೂ ಹತ್ತು," ಅನ್ನುತ್ತಾರೆ ಅಂಕಲ್. ಗಂಟೆ ಎಷ್ಟೆಂದು ಯಾರೂ ಕೇಳಿಲ್ಲ.

ಆಂಟಿ ಬೀಗ ಹಾಕಿ, ಎಳೆದು ನೋಡಿ, ಮೂರು ಮೆಟ್ಟಿಲಿಳಿದು, ಅನುಮಾನ ಬಂದು ಮತ್ತೆ ಹತ್ತಿ ಇನ್ನೊಮ್ಮೆ ಎಳೆದು ನೋಡುತ್ತಾರೆ. "ಆರೂ ಹನ್ನೊಂದು." ಈ ಸಲ ದನಿ ಕೊಂಚ ಜೋರು. ಎದುರು ಮನೆಯ ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸು ತಲೆ ಎತ್ತದೆ ನಗುತ್ತಾಳೆ. ಬೀದಿಗೆ ಇದು ದಿನದ ಸುಪ್ರಭಾತ. ಡಿಸೆಂಬರ್ ಮೊದಲ ವಾರದ ಚಳಿ; ಅಂಕಲ್ ತಲೆಗೆ ಮಂಕಿ ಕ್ಯಾಪು, ಅದರ ಅಂಚಿನಿಂದ ಇಣುಕುವ ಗೋಪೀಚಂದನದ ನಾಮ. ಆಂಟಿ ಕೈಯಲ್ಲಿ ಎರಡು ಖಾಲಿ ಚೀಲ. ಮೂರನೆಯದು ನಿಮ್ಮ ಕೈಗೆ ಬರುತ್ತದೆ. ಜೊತೆಗೆ ಬರುತ್ತೇನೆಂದವರನ್ನು ಬರಿಗೈಯಲ್ಲಿ ಕರೆದೊಯ್ಯುವ ಪದ್ಧತಿ ಈ ಮನೆಯಲ್ಲಿಲ್ಲ.

ಕುರುಬರಹಳ್ಳಿಯಲ್ಲಿ ಈಗ ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮತ್ತು ಬೀದಿಗಳ ಅಗಲದಲ್ಲಿ. ಒಂದು ಮಗ್ಗುಲಿಗೆ ಮಹಾಲಕ್ಷ್ಮಿ ಲೇಔಟ್, ಇನ್ನೊಂದು ಮಗ್ಗುಲಿಗೆ ಕಮಲಾನಗರ, ಶಂಕರಮಠ, ಅದರಾಚೆ ಬಸವೇಶ್ವರನಗರ. ನಡುವೆ ಚಿಕ್ಕ ಚಿಕ್ಕ ಸೈಟುಗಳ ಮೇಲೆ ಮೂರು, ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು, ಮಹಡಿಯಿಂದ ಮಹಡಿಗೆ ಹಾದ ಕೇಬಲ್ಲುಗಳು, ನಂದಿನಿ ಬೂತಿನ ಮುಂದೆ ನೀಲಿ ಕ್ರೇಟು. ತಳ್ಳುಗಾಡಿಯವನು ಅವರೆಕಾಯಿ ಸುರಿದು ಕೂತಿದ್ದಾನೆ. ಆಂಟಿ ಒಂದು ಕಾಯಿ ಎತ್ತಿ ಮೂಸುತ್ತಾರೆ. "ಸೊಗಡು ಇನ್ನೂ ಬಂದಿಲ್ಲ. ಇನ್ನೊಂದೆರಡು ವಾರ ಹೋಗ್ಲಿ."

"ದರ್ಶನ ಆರತಿ ತಪ್ಪುತ್ತೆ," ಅನ್ನುತ್ತಾರೆ ಅಂಕಲ್.

ಇಬ್ಬರ ಕೊರಳಲ್ಲೂ ಜಪದ ಚೀಲ. ನಾಲ್ಕಕ್ಕೆ ಮುಂಚೆ ಎದ್ದು, ತಣ್ಣೀರು ಬಿಸಿನೀರಿನ ಜಗಳ ಮುಗಿಸಿ, 16 ಮಾಲೆ ಜಪ ಮಾಡಿಯೇ ಹೊರಟಿದ್ದಾರೆ. ಮಾಲೆಗೆ 108 ಮಣಿ, ಅಲ್ಲಿಗೆ ದಿನಕ್ಕೆ 1,728 ಸಲ ಮಂತ್ರ. ನುರಿತವರಿಗೂ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ. ಅಂಕಲ್ ಗೋಡೆಗೆ ಒರಗದೆ ಕೂತು, ಮಾಲೆಗೆ ಇಷ್ಟು ನಿಮಿಷ ಎಂದು ಗಡಿಯಾರ ನೋಡಿಕೊಂಡು ಮಾಡುತ್ತಾರೆ. ಆಂಟಿಯ ಜಪ ಓಡಾಡುವ ಜಪ. ಅದರ ನಡುವೆ ಅಕ್ಕಿ ನೆನೆಯುತ್ತದೆ, ಹಾಲು ಕಾಯುತ್ತದೆ. ಹೀಗೆ ಮಾಡಿದ ಜಪ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಮನೆಯ ಬಗೆಹರಿಯದ ವ್ಯಾಜ್ಯಗಳಲ್ಲಿ ಒಂದು.

ಬೀದಿಯಲ್ಲಿ ಅವರಿಗೆ ಎಚ್‌ಎಂಟಿ ಅಂಕಲ್ ಎಂದೇ ಹೆಸರು. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕಾರ್ಖಾನೆ ಅದು. ಮದುವೆ ಗಂಡಿಗೆ ಎಚ್‌ಎಂಟಿ ವಾಚು ಕಟ್ಟುವುದು ಮರ್ಯಾದೆಯ ವಿಷಯವಾಗಿದ್ದ ಕಾಲವನ್ನೂ ಕಂಡವರು, ಗೋಡೌನಿನಲ್ಲಿ ವಾಚು ಕೊಳೆಯತೊಡಗಿದ ಕಾಲವನ್ನೂ ಕಂಡವರು. ಕಂಪನಿಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಅಂಕಲ್ ಅದಕ್ಕೆ ಎಷ್ಟೋ ಮೊದಲೇ ವಿಆರ್‌ಎಸ್ ತೆಗೆದುಕೊಂಡು ಮನೆ ಸೇರಿದ್ದರು. ಕೈಯಲ್ಲಿ ಈಗಲೂ ಕೀಲಿ ಕೊಡುವ ವಾಚು. ಅದು ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ ಎಂದು ಆಂಟಿ, ಊರೇ ಅರ್ಧ ನಿಮಿಷ ಹಿಂದಿದೆ ಎಂದು ಅಂಕಲ್.

ಮದುವೆಯಾಗಿ ನಲವತ್ತು ವರ್ಷದ ಮೇಲಾಯಿತು. ಈ ನಲವತ್ತು ವರ್ಷದಲ್ಲಿ ಇಬ್ಬರೂ ಸೇರಿ ಒಂದೇ ಕೆಲಸ ಮಾಡಿದ್ದೇ ಇಲ್ಲ. ಅವರಿಗೆ ಪಾಳಿ, ಇವರಿಗೆ ಮನೆ. ಮಕ್ಕಳ ಶಾಲೆಗೆ ಇವರು, ಬ್ಯಾಂಕಿಗೆ ಅವರು. ಫ್ಯಾಕ್ಟರಿ ಬಸ್ಸು ಅವರನ್ನು ಕರೆದೊಯ್ದು, ಮತ್ತೆ ತಂದು ಬಿಡುವವರೆಗಿನ ಜಗತ್ತು ಆಂಟಿಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ನಡೆಯುತ್ತಿದ್ದದ್ದು ಅಂಕಲ್‌ಗೆ ಗೊತ್ತಿಲ್ಲ. ಈಗ ಅರವತ್ತು ದಾಟಿದ ಮೇಲೆ ಒಂದೇ ಕೆಲಸಕ್ಕೆ ಜೊತೆಯಾಗಿ ಸೇರಿಕೊಂಡಿದ್ದಾರೆ. ಸಂಬಳವಿಲ್ಲ, ರಜೆಯಿಲ್ಲ, ಬಡ್ತಿಯಿಲ್ಲ. ಗೀತಾ ಜಯಂತಿಯ ಈ ತಿಂಗಳಲ್ಲಂತೂ ಮನೆ ಮನೆ ಹತ್ತಿಳಿದು ಗೀತೆಯ ಪುಸ್ತಕ ಮುಟ್ಟಿಸುವ ಸೇವೆ.

ಮೊದಲು ಹೋದವರು ಆಂಟಿ. ವೈಕುಂಠ ಏಕಾದಶಿಗೆ ಪಕ್ಕದ ಮನೆಯವರ ಜೊತೆ ಇಸ್ಕಾನ್ ಕ್ಯೂ ನಿಂತು ಬಂದರು. ಭಾನುವಾರ ಪ್ರವಚನಕ್ಕೆ ಹೋದರು. ಒಂದು ದಿನ ಮನೆಗೆ ಮೊಟ್ಟೆ ತರುವುದು ನಿಂತಿತು. ಅದಾದ ಮೇಲೆ ಈರುಳ್ಳಿ, ಬೆಳ್ಳುಳ್ಳಿ. ಮಾಗಡಿ ಕಡೆಯ ಮನೆತನ, ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಮಟನ್ ಅಂಗಡಿ ಮುಂದೆ ಕತ್ತಲಲ್ಲೇ ಸಾಲು ನಿಲ್ಲುವ ವಂಶ. "ಯಾರು ನಿನ್ನ ತಲೆ ಕೆಡಿಸಿದ್ದು, ಬಂದು ಕೇಳ್ತೀನಿ" ಎಂದು ಅಂಕಲ್ ಇಸ್ಕಾನ್ ಬೆಟ್ಟ ಹತ್ತಿದರು. ಅಲ್ಲಿ ಸಿಕ್ಕಿದ್ದು ಎಂಜಿನಿಯರಿಂಗ್ ಮುಗಿಸಿ ಕಾವಿ ಉಟ್ಟ ಹುಡುಗ. ಕರ್ಮ ಅಂದರೇನು, ಯೂನಿಯನ್ ಲೀಡರು ಮೋಸ ಮಾಡಿದರೆ ಅದು ಯಾರ ಕರ್ಮ ಎಂದು ವಾದಕ್ಕೆ ಬಿದ್ದರು. ವಾದ ಮುಗಿಯಲಿಲ್ಲ, ಮುಂದಿನ ಭಾನುವಾರಕ್ಕೆ ಹೋಯಿತು. ಅದರ ಮುಂದಿನ ಭಾನುವಾರಕ್ಕೂ ಹೋಯಿತು. ಪುರಂದರದಾಸರ ಕಥೆ ಗೊತ್ತಲ್ಲ, ಚಿನಿವಾರರ ಅಂಗಡಿ ಮುಚ್ಚಿಸಿ ಕೈಗೆ ತಂಬೂರಿ ಕೊಡಿಸಿದ್ದು ಹೆಂಡತಿಯ ಮೂಗುತಿ. ನಮ್ಮಲ್ಲಿ ಗಂಡಸರು ದೇವರ ದಾರಿ ಹಿಡಿಯುವುದು ಬಹುಪಾಲು ಹೀಗೇ, ಹೆಂಡತಿಯನ್ನು ತಡೆಯಲು ಹೋಗಿ.

ಮಹಾಲಕ್ಷ್ಮಿ ಲೇಔಟಿನ ಬಂಡೆಯ ಮೇಲಿನ 22 ಅಡಿಯ ಪ್ರಸನ್ನ ವೀರಾಂಜನೇಯನಿಗೆ ನಡೆಯುತ್ತಲೇ ಕೈಮುಗಿದು, ಉಬ್ಬು ಹತ್ತಿ, ಹರೇಕೃಷ್ಣ ಗಿರಿ ತಲುಪುವಷ್ಟರಲ್ಲಿ ಬಿಸಿಲು ಬಂದಿದೆ. ಈ ಗುಡ್ಡ ಬರೀ ಕಲ್ಲುಬಂಡೆಯಾಗಿದ್ದದ್ದು ಇಬ್ಬರಿಗೂ ನೆನಪಿದೆ. 1997ರಲ್ಲಿ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಬಂದು ದೇವಸ್ಥಾನ ಉದ್ಘಾಟಿಸಿದ ದಿನ ಕುರುಬರಹಳ್ಳಿಯವರಿಗೆ ನೆನಪಿರುವುದು ಟ್ರಾಫಿಕ್ ನಿಲ್ಲಿಸಿದ್ದಕ್ಕೆ. ದರ್ಶನಕ್ಕೆ ಬಂದವರು 108 ಮೆಟ್ಟಿಲನ್ನು ಮೆಟ್ಟಿಲಿಗೊಂದು ಮಂತ್ರ ಹೇಳುತ್ತ ಹತ್ತುತ್ತಿದ್ದಾರೆ. ಅಂಕಲ್ ಮಂಡಿ ಹಿಡಿದುಕೊಂಡು ಹತ್ತುತ್ತಾರೆ. ಆಂಟಿ ಮೇಲೆ ನಿಂತು ಕಾಯುತ್ತಾರೆ, ಗಂಟೆ ಎಷ್ಟೆಂದು ಕೇಳುವುದಿಲ್ಲ. ಸೇಡು ತೀರಿಸಿಕೊಳ್ಳಲು ಮಾತೇ ಬೇಕೆಂದಿಲ್ಲ.

ಆರತಿ ಆಯಿತು, ದೊನ್ನೆಯಲ್ಲಿ ಬಿಸಿ ಪೊಂಗಲ್ ಆಯಿತು. ಪುಸ್ತಕದ ಲೆಕ್ಕ ಬರೆಯುವ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೈದು. "ಪ್ರಭು, ಹಿಂದಿನ ವಾರದ ಎರಡು ಪ್ರತಿ ಟ್ಯಾಲಿ ಆಗ್ತಿಲ್ಲ." ಇಲ್ಲಿ ಗಂಡಸರೆಲ್ಲ ಪ್ರಭುಗಳು, ಹೆಂಗಸರೆಲ್ಲ ಮಾತಾಜಿಗಳು. ಜೀವಮಾನವಿಡೀ ಫೋರ್‌ಮನ್‌ಗೆ ಸಾರ್ ಅಂದವರು ಮೊಮ್ಮಗನ ವಯಸ್ಸಿನವನ ಬಾಯಲ್ಲಿ ಪ್ರಭು ಅನ್ನಿಸಿಕೊಂಡಾಗ ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದರಂತೆ. ಈಗ ಅವರು ತಿರುಗಿ ನೋಡುವುದು ಆಂಟಿಯ ಕಡೆ.

"ಹೂವಿನ ಅಂಗಡಿ ಹುಡುಗಿಗೊಂದು, ಅವಳ ತಂಗಿಗೊಂದು. ಸಂಕ್ರಾಂತಿಗೆ ದುಡ್ಡು ಕೊಡ್ತಾಳೆ."

"ದೇವರ ಪುಸ್ತಕ ಸಾಲಕ್ಕಾ?"

"ಮತ್ತೆ ಬಡ್ಡಿಗಾ?"

ಅಂಕಲ್ ಜೇಬಿಗೆ ಕೈ ಹಾಕಿ ಎರಡು ಪುಸ್ತಕದ ದುಡ್ಡು ಕಟ್ಟುತ್ತಾರೆ. ಅವರಿಗೆ ಬರುವ ಇಪಿಎಸ್ ಪಿಂಚಣಿ ಅವರ ಬಿಪಿ ಮಾತ್ರೆಗೂ ಇವರ ಥೈರಾಯ್ಡ್ ಮಾತ್ರೆಗೂ ಸರಿಹೋಗುವಷ್ಟು. ಹುಡುಗ ಟಿಕ್ ಹಾಕುತ್ತಾನೆ. ಚೀಲಗಳು ತುಂಬುತ್ತವೆ. ದಪ್ಪ ರಟ್ಟಿನ 'ಯಥಾರೂಪ' ಗೀತೆ, ಮೇಲೆ ರಥ, ಕುದುರೆ, ಕೃಷ್ಣಾರ್ಜುನರು. ಇಳಿಜಾರಿನಲ್ಲಿ ಇಳಿಯುವಾಗಲೇ ಹಿಡಿಕೆ ನಿಮ್ಮ ಬೆರಳಿಗೆ ಕಚ್ಚತೊಡಗುತ್ತದೆ.

ಮೊದಲ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ತಡೆಯುತ್ತಾನೆ. ಸೇಲ್ಸ್‌ನವರಿಗೆ ಪ್ರವೇಶವಿಲ್ಲ. ಎರಡನೆಯದರಲ್ಲಿ ಗೇಟಿನ ಫೋನಿನಿಂದ ಮೇಲೆ ಕೇಳಿ, "ಬೇಡವಂತೆ" ಅನ್ನುತ್ತಾನೆ. ಮೂರನೆಯ ಕಡೆ ಬಾಗಿಲು ತೆರೆದ ಯುವಕ ಕಿವಿಯ ಇಯರ್‌ಫೋನ್ ತೆಗೆಯದೆ ಕೈಸನ್ನೆಯಲ್ಲೇ ಮುಗಿಸುತ್ತಾನೆ. ಸ್ವಂತ ಮನೆಗಳ ಬೀದಿಗೆ ಬಂದರೆ ಬಾಗಿಲುಗಳು ತೆರೆಯುತ್ತವೆ, ಉತ್ತರ ಒಂದೇ: "ನಮ್ಮನೇಲಿದೆ, ದೇವರ ಮನೇಲಿ." ಇದೆ ನಿಜ. ಪ್ಲಾಸ್ಟಿಕ್ ಕವರು ಬಿಚ್ಚದೆ, ಮೇಲೆ ಅರಿಶಿನ ಕುಂಕುಮ ಹಚ್ಚಿ, ದಸರೆಯ ಸರಸ್ವತಿ ಪೂಜೆಯ ದಿನ ಹೂವು ಇಟ್ಟು. ನನ್ನನ್ನು ಕೇಳಿದರೆ, ಗೀತೆ ಓದದಿರಲು ಕನ್ನಡದ ಮನೆಗಳು ಕಂಡುಕೊಂಡಿರುವ ಅತ್ಯಂತ ಭಕ್ತಿಪೂರ್ವಕ ಉಪಾಯ ಇದು.

ಗೆಳೆಯರ ಬಳಗ ಬಡಾವಣೆಯ ಒಂದು ಮನೆಯಲ್ಲಿ ಮಾತ್ರ ಒಳಗೆ ಕರೆಯುತ್ತಾರೆ. ನಿವೃತ್ತ ಅಧ್ಯಾಪಕರು, ಸ್ವೆಟರು, ಮಡಿಲಲ್ಲಿ ಪೇಪರು. ಪುಸ್ತಕ ತಿರುವಿ ನೋಡಿ, "ಡಿವಿಜಿ ಇರುವಾಗ ಇದು ಯಾತಕ್ಕೆ ಸ್ವಾಮಿ?" ಅನ್ನುತ್ತಾರೆ. ಕಪಾಟಿನಿಂದ 'ಜೀವನಧರ್ಮಯೋಗ' ಹೊರಬರುತ್ತದೆ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ನಾಗರಸ ಭಾಮಿನಿ ಷಟ್ಪದಿಯಲ್ಲಿ ಗೀತೆ ಹೇಳಿದ್ದು ಗೊತ್ತೇ ಎಂದು ಇನ್ನೊಂದು ಪ್ರಶ್ನೆ. ಅಂಕಲ್ ಮುಖ ಅರಳುತ್ತದೆ. ಬೆಳಗಿನಿಂದ ಯಾರೂ ಬೇಡವೆನ್ನಲು ಕಾರಣ ಕೊಟ್ಟಿರಲಿಲ್ಲ. ಇವರು ಕಾರಣ ಕೊಟ್ಟು ಬೇಡವೆನ್ನುತ್ತಿದ್ದಾರೆ. ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಕೃಷ್ಣ ದೇವರೋ, ದೇವರ ಅವತಾರವೋ, ಎಲ್ಲ ಅವತಾರಗಳ ಮೂಲವೋ ಎಂಬಲ್ಲಿಂದ ಶುರುವಾಗಿ ಮಾತು ಅದ್ವೈತದ ಬುಡಕ್ಕೆ ಹೋಗುತ್ತದೆ. ಆಂಟಿ ಗೋಡೆಯ ಮೇಲಿನ ಮೊಮ್ಮಕ್ಕಳ ಫೋಟೋ ನೋಡುತ್ತಾರೆ.

ಅಷ್ಟರಲ್ಲಿ ಅಧ್ಯಾಪಕರ ಮನೆಯವರು ತಟ್ಟೆ ಹಿಡಿದು ಬರುತ್ತಾರೆ. ನಾಲ್ಕು ಸ್ಟೀಲು ಲೋಟ, ಮೇಲೆ ನೊರೆ. ಆಗ ತಾನೇ ಇಳಿಸಿದ ಡಿಕಾಕ್ಷನ್ನಿನ ವಾಸನೆ ಅದ್ವೈತ, ದ್ವೈತ ಎರಡನ್ನೂ ಕ್ಷಣಕಾಲ ನಿಲ್ಲಿಸಿಬಿಡುತ್ತದೆ.

ಇಲ್ಲಿದೆ ಈ ಸೇವೆಯ ನಿಜವಾದ ಕಷ್ಟ. ಇಸ್ಕಾನ್ ದೀಕ್ಷೆಯ ನಾಲ್ಕು ನಿಯಮಗಳಲ್ಲಿ ಅಮಲು ಬಿಡುವುದೂ ಒಂದು. ಆ ಪಟ್ಟಿಯಲ್ಲಿ ಹೆಂಡದ ಜೊತೆ ಕಾಫಿ, ಟೀಯೂ ಬರುತ್ತವೆ. ಮಟನ್ ಬಿಡುವುದು ಅಂಕಲ್‌ಗೆ ಸುಲಭವಾಯಿತಂತೆ. ಕಾಫಿಗೆ ಮೂರು ತಿಂಗಳು ತಲೆನೋವು. ಅದನ್ನಾದರೂ ತಡೆದುಕೊಳ್ಳಬಹುದು, ಬಂದ ಮನೆಯಲ್ಲಿ ಬೇಡ ಅನ್ನುವುದು ಹೇಗೆ? ನಮ್ಮ ನಾಡಿನಲ್ಲಿ ಒಂದು ಮನೆಯ ಕಾಫಿ ಮುಟ್ಟದೆ ಎದ್ದುಹೋಗುವುದಕ್ಕೆ ಹಳೆಯ ಅರ್ಥವೊಂದಿದೆ. ಯಾರ ಕೈಯದು ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬ ಲೆಕ್ಕ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲೂ ಓಡುತ್ತದೆ. ಭಗವಂತನ ಮುಂದೆ ಎಲ್ಲರೂ ಒಂದೇ ಎಂದು ಹೇಳಲು ಬಂದವರು ಮೊದಲ ಲೋಟಕ್ಕೇ ತಲೆ ಅಲ್ಲಾಡಿಸಿದರೆ?

"ಸಕ್ಕರೆ ಕಾಯಿಲೆನಾ? ಬರೀ ಕಾಫಿ ತರ್ಲಾ?"

"ಇಲ್ಲಮ್ಮ, ಬಿಟ್ಟಿದೀವಿ," ಅನ್ನುತ್ತಾರೆ ಅಂಕಲ್. ಆ ಹೆಂಗಸಿನ ಮುಖ ಸಣ್ಣಗಾಗುತ್ತದೆ.

ಆಂಟಿ ಎದ್ದು ನಿಲ್ಲುತ್ತಾರೆ. "ಹಾಲಿದ್ಯಾ ಅಮ್ಮ? ಬೆಳಿಗ್ಗೆಯಿಂದ ನಡೆದು ಸುಸ್ತಾಗಿದೆ. ನಡೀರಿ, ನಾನೇ ಬರ್ತೀನಿ." ಇಬ್ಬರೂ ಅಡುಗೆಮನೆಗೆ ಹೋಗುತ್ತಾರೆ. ಒಳಗಿನಿಂದ ಅವರೆಕಾಯಿ ಬೆಲೆ, ಅಮೆರಿಕದ ಸೊಸೆ, ಸೊಂಟನೋವು ಕೇಳಿಬರುತ್ತವೆ. ಹೊರಗೆ ಅಧ್ಯಾಪಕರು ಶಂಕರಭಾಷ್ಯಕ್ಕೆ ಕೈ ಹಾಕಿದ್ದಾರೆ. ನಿಮ್ಮ ಪಾಲಿನ ಲೋಟ ನೀವು ಎತ್ತಿಕೊಳ್ಳಿ, ಸಂಕೋಚ ಬೇಡ. ಅಂಕಲ್ ಕಣ್ಣು ನಿಮ್ಮ ಲೋಟದ ಮೇಲೆ ಒಮ್ಮೆ ಹೋಗಿ ಬರುತ್ತದೆ, ಅದನ್ನು ನೋಡಿಯೂ ನೋಡದಂತೆ ಇರಬೇಕು.

ಅರ್ಧ ಗಂಟೆಯ ಮೇಲೆ ಹೊರಬಂದಾಗ ಅಧ್ಯಾಪಕರು ಪುಸ್ತಕ ಕೊಂಡಿಲ್ಲ. ಅವರ ಹೆಂಡತಿ ಒಂದು ಕೊಂಡಿದ್ದಾರೆ, ಸ್ವಂತ ದುಡ್ಡಿನಲ್ಲಿ, ಅಡುಗೆಮನೆಯಲ್ಲಿ.

"ನಾನು ಅಷ್ಟು ಹೊತ್ತು ಮಾತಾಡಿದ್ದು ದಂಡ ಹಾಗಾದ್ರೆ," ಅನ್ನುತ್ತಾರೆ ಅಂಕಲ್ ಗೇಟು ಹಾಕುತ್ತ.

"ನೀವು ಅವರನ್ನ ಹಿಡಿದಿಟ್ಟುಕೊಂಡಿದ್ರಿಂದ ತಾನೇ ನಮಗೆ ಮಾತಾಡೋಕೆ ಆಗಿದ್ದು."

ಹೊಗಳಿಕೆಯೋ ಕುಟುಕೋ ತಿಳಿಯದೆ ಅಂಕಲ್ ಮುಂದಿನ ಕ್ರಾಸಿನವರೆಗೆ ಸುಮ್ಮನೆ ನಡೆಯುತ್ತಾರೆ. ಆ ಕ್ರಾಸಿನಲ್ಲಿ ಎದುರಿಗೆ ಇಬ್ಬರು ಹೆಂಗಸರು, ಬಿಳಿ ಸೀರೆ, ಕೈಯಲ್ಲಿ ಯೇಸುವಿನ ಕರಪತ್ರ. ನಾಲ್ಕೂ ಜನಕ್ಕೆ ನಾಲ್ಕೂ ಜನ ಏನೆಂದು ಗೊತ್ತಾಗಲು ತಡವಾಗುವುದಿಲ್ಲ. ಅವರು ಕರಪತ್ರ ಕೊಡುತ್ತಾರೆ, ಆಂಟಿ ತೆಗೆದುಕೊಂಡು ಚಿಕ್ಕ ಪುಸ್ತಕವೊಂದನ್ನು ಕೊಡುತ್ತಾರೆ. "ಆ ಬೀದಿಗೆ ಹೋಗಬೇಡಿ ಅಮ್ಮ, ನಾಯಿ ಕಾಟ," ಎಂದು ಎಚ್ಚರಿಸಿ ಆ ಹೆಂಗಸರು ಹೊರಟುಹೋಗುತ್ತಾರೆ. ಇನ್ನೊಂದು ಮನೆಯಲ್ಲಿ ಲಿಂಗಾಯತರ ಅಜ್ಜಿ ಬಾಗಿಲಲ್ಲೇ ನಿಂತು, "ನಮ್ಮದು ವಚನ ಕಣ್ರಮ್ಮ," ಅನ್ನುತ್ತಾರೆ. ಅಂಕಲ್ ಬಾಯಿ ತೆರೆಯುವಷ್ಟರಲ್ಲಿ ಆಂಟಿ, "ಏನೋ ಒಂದು ಓದ್ತಿದೀರಲ್ಲ ತಾಯಿ, ಅಷ್ಟು ಸಾಕು," ಎಂದು ಕೈಮುಗಿದಾಗಿದೆ.

ಬಿಸಿಲು ಏರಿದ ಮೇಲೆ ರಾಜಕಾಲುವೆಯ ಬದಿಯ ಸಂದಿಗೆ ಬರುತ್ತೀರಿ. ಇಲ್ಲಿ ಹೊಸಿಲುಗಳು ಎತ್ತರ. ಕೆಲವು ಬಾಗಿಲುಗಳ ಮುಂದೆ ಮೊಳಕಾಲುದ್ದ ಸಿಮೆಂಟಿನ ಗೋಡೆಯನ್ನೇ ಕಟ್ಟಿಸಿಕೊಂಡಿದ್ದಾರೆ, ಅದನ್ನು ದಾಟಿಯೇ ಒಳಗೆ ಹೋಗಬೇಕು. ಯಾಕೆಂದು ಈ ಬೀದಿಯಲ್ಲಿ ಕೇಳಬಾರದು. 2017ರ ಮೇ ತಿಂಗಳಲ್ಲಿ ಈ ಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದ ಕಾರ್ಮಿಕನೊಬ್ಬ ಮಳೆನೀರಿಗೆ ಸಿಕ್ಕು ಹೋದ. ಅದೇ ವರ್ಷ ಅಕ್ಟೋಬರ್ 13ರ ಸಂಜೆಯ ಮಳೆಗೆ ಕುರುಬರಹಳ್ಳಿಯಲ್ಲಿ ಒಬ್ಬ ತಾಯಿ, ಅವಳ ಮಗಳು ಮತ್ತು ಒಬ್ಬ ದೇವಸ್ಥಾನದ ಅರ್ಚಕರು ಕೊಚ್ಚಿಹೋದರು. ಹರಿದ ನೀರು ವೃಷಭಾವತಿಗೆ ಸೇರುತ್ತದೆ, ವೃಷಭಾವತಿ ಕೆಂಗೇರಿ ದಾಟಿ ಹೋಗುತ್ತದೆ. ಹುಡುಕುವವರು ಆ ದಾರಿಯುದ್ದಕ್ಕೂ ಹುಡುಕಿದ್ದರು. ಈಗ ಕಾಲುವೆಗೆ ಎತ್ತರದ ಗೋಡೆ, ಅಲ್ಲಲ್ಲಿ ಜಾಲರಿ. ವಾಸನೆ ಮಾತ್ರ ಗೋಡೆ ದಾಟಿ ಬರುತ್ತದೆ.

ಇಸ್ತ್ರಿ ಗಾಡಿಯವನು ಕೆಂಡ ಊದುತ್ತಿದ್ದಾನೆ. ಐವತ್ತರ ಆಸುಪಾಸು. ಅಂಕಲ್ ಪುಸ್ತಕ ಚಾಚಿದಾಗ ಕೈ ಒರೆಸಿಕೊಂಡು ಮರ್ಯಾದೆಯಿಂದ ತೆಗೆದುಕೊಂಡು, ಮುಖಪುಟ ನೋಡಿ, ವಾಪಸ್ ಕೊಡುತ್ತಾನೆ.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ದೇವ್ರಿಗೆ ದಿನಾ ದೀಪ ಹಚ್ಚೋ ಐನೋರ್ನೇ ನೀರು ಬಿಡ್ಲಿಲ್ಲ. ನಂಗೇನ್ ಹೇಳ್ತದೆ ಸಾರ್ ನಿಮ್ ಬುಕ್ಕು?"

ಅಂಕಲ್‌ಗೆ ಉತ್ತರ ಗೊತ್ತಿದೆ. ಎರಡನೇ ಅಧ್ಯಾಯ ಅವರಿಗೆ ಬಾಯಿಪಾಠ; ಆತ್ಮವನ್ನು ಶಸ್ತ್ರ ಕತ್ತರಿಸದು, ಬೆಂಕಿ ಸುಡದು, ನೀರು ನೆನೆಸದು ಎಂಬ ಮಾತು ಅಲ್ಲೇ ಇದೆ. ಅಷ್ಟೂ ದೂರ ನಡೆದು ಬಂದಿರುವುದೇ ಇಂಥ ಪ್ರಶ್ನೆ ಯಾರಾದರೂ ಕೇಳಲಿ ಎಂದು. ಬೆಳಗಿನಿಂದ ಸಿಕ್ಕಿದ ಪ್ರಶ್ನೆಗಳಲ್ಲಿ ಅರ್ಜುನನ ಪ್ರಶ್ನೆಗೆ ಹತ್ತಿರದ್ದು ಇದೊಂದೇ. ಅವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಗ ಆಂಟಿಯ ಕೈ ಅವರ ಮೊಣಕೈ ಒತ್ತುವುದನ್ನು ನೀವು ಮಾತ್ರ ನೋಡುತ್ತೀರಿ.

"ನಿಮ್ಮನೆಗೆ ಎಲ್ಲಿವರೆಗೆ ಬಂದಿತ್ತಪ್ಪ ನೀರು?"

ಅವನು ತಿರುಗಿ ಗೋಡೆ ತೋರಿಸುತ್ತಾನೆ. ಸ್ವಿಚ್ ಬೋರ್ಡಿನ ಮೇಲಕ್ಕೆ. ಅಂದು ಒಗೆದು ಇಸ್ತ್ರಿಗೆ ಬಂದಿದ್ದ ಬಟ್ಟೆ ಮೂರು ಗಂಟು, ಎಲ್ಲ ಬೇರೆಯವರದ್ದು. ಒಂದು ರೇಷ್ಮೆ ಸೀರೆ. ಸೀರೆಯವರು ದುಡ್ಡು ಕೇಳಲಿಲ್ಲ, ಪ್ಯಾಂಟಿನವರು ಕೇಳಿದರು. ವರ್ಷವಿಡೀ ತೀರಿಸಿದ. ಹೇಳುತ್ತ ಹೇಳುತ್ತ ಪೆಟ್ಟಿಗೆಯನ್ನು ಕಾಲರಿನ ಮೇಲೆ ಎಳೆಯುತ್ತಿರುತ್ತಾನೆ, ಕೈ ನಿಲ್ಲುವುದಿಲ್ಲ. ಆಂಟಿ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತು ಕೇಳುತ್ತಾರೆ. ಯಾವ ಪ್ಯಾಂಟಿನವರು, ಎಷ್ಟು ಕೇಳಿದರು, ಹೆಂಡತಿಗೆ ಆಗ ಮೈ ಹೇಗಿತ್ತು ಎಂದು ಒಂದೊಂದನ್ನೂ ಕೇಳುತ್ತಾರೆ. ಪುಸ್ತಕದ ಸುದ್ದಿ ಮತ್ತೆ ಬರುವುದಿಲ್ಲ. ಹೊರಡುವಾಗ ಅವನೇ, "ಬುಕ್ಕು ಬ್ಯಾಡಮ್ಮ, ಓದಾಕ್ ಬರಾಕಿಲ್ಲ. ಅಲ್ಲಿ ಪೊಂಗಲ್ ಕೊಡ್ತಾರಲ್ಲ, ಈ ಕಡೆ ಬಂದ್ರೆ ಒಂದು ದೊನ್ನೆ ತನ್ನಿ," ಎಂದು ನಗುತ್ತಾನೆ.

ಸಂದಿ ದಾಟುವವರೆಗೆ ಅಂಕಲ್ ತಡೆದುಕೊಳ್ಳುತ್ತಾರೆ. "ಒಂದು ಶ್ಲೋಕ ಹೇಳೋಕೆ ಬಿಡ್ಲಿಲ್ಲ ನೀನು."

"ಕೃಷ್ಣನೂ ಅರ್ಜುನ ಕೇಳೋವರೆಗೆ ಹೇಳ್ಲಿಲ್ಲ."

"ಇವನು ಕೇಳಿದ್ನಲ್ಲೇ!"

"ಅದು ಕೇಳಿದ್ದಲ್ಲ ರೀ. ಬೈದಿದ್ದು."

ಕಮಲಮ್ಮನ ಗುಂಡಿ ಮೈದಾನದ ಹತ್ತಿರ ನೆರಳು ಸಿಗುತ್ತದೆ. ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿಕೊಳ್ಳುತ್ತದೆ: ಈರುಳ್ಳಿ ಇಲ್ಲದ ಉಪ್ಪಿಟ್ಟು, ಶುಂಠಿ ಹೆಚ್ಚು. ತಿನ್ನುತ್ತ ಅಂಕಲ್ ಸಂಸ್ಥಾಪಕರ ಕಥೆ ಹೇಳುತ್ತಾರೆ. 1965ರ ಆಗಸ್ಟಿನಲ್ಲಿ, 69ನೇ ವಯಸ್ಸಿನಲ್ಲಿ, ಪ್ರಭುಪಾದರು ಕಲ್ಕತ್ತೆಯಿಂದ 'ಜಲದೂತ' ಎಂಬ ಸರಕು ಹಡಗು ಹತ್ತಿದ್ದು, ದಾರಿಯಲ್ಲಿ ಹೃದಯಾಘಾತವಾದದ್ದು, ಮರುವರ್ಷ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸಂಸ್ಥೆ ನೋಂದಾಯಿಸಿದ್ದು. ಇದನ್ನು ಹೇಳುವಾಗ ಮಂಡಿನೋವು ಮರೆತಿರುತ್ತದೆ. 69 ಅಂದರೆ ತಮಗಿನ್ನೂ ವಯಸ್ಸಾಗಿಲ್ಲ.

"ಅವರ ಹೆಂಡತಿ?" ಅನ್ನುತ್ತಾರೆ ಆಂಟಿ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ. ಹೆಂಡತಿ ಮಕ್ಕಳು ಕಲ್ಕತ್ತೆಯಲ್ಲೇ ಉಳಿದರು. ಸಂಸಾರ ಬಿಡುವ ಮೊದಲು ಆ ಮನೆಯಲ್ಲೂ ಜಗಳವಿದ್ದದ್ದು ಚಹಾದ ಮೇಲೆಯೇ, ಚಹಾ ಬೇಕೋ ನಾನು ಬೇಕೋ ಎಂದು ಗಂಡ ಕೇಳಿದರೆ ಹೆಂಡತಿ ನಗುತ್ತ ಚಹಾ ಅಂದರು ಎಂಬ ಕಥೆ ಭಕ್ತರಲ್ಲಿ ಪ್ರಸಿದ್ಧ. ಭಕ್ತರು ಅದನ್ನು ವೈರಾಗ್ಯದ ಕಥೆಯಾಗಿ ಹೇಳುತ್ತಾರೆ. ಆಂಟಿ ಮಾತ್ರ ಆ ಹೆಂಗಸಿನ ಪರ.

ಮನುಸ್ಮೃತಿ ವಾನಪ್ರಸ್ಥಕ್ಕೆ ಎರಡು ದಾರಿ ಬಿಟ್ಟಿದೆ: ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿ ಕಾಡಿಗೆ ಹೋಗು, ಇಲ್ಲವೇ ಜೊತೆಗೆ ಕರೆದುಕೊಂಡೇ ಹೋಗು. ಎರಡನೆಯ ದಾರಿ ಹಿಡಿದವರ ಕಥೆ ಪುರಾಣಗಳಲ್ಲಿ ಬಂದಷ್ಟು ವಿವರವಾಗಿ ದಿನಚರಿಗಳಲ್ಲಿ ಬಂದಿಲ್ಲ; ಕಾಡಿನಲ್ಲಿ ಯಾರು ಯಾರಿಗೆ ಗಂಟೆ ಹೇಳಿದರು, ಯಾರು ಕಟ್ಟಿಗೆ ತಂದರು ಎಂದು ಋಷಿಗಳು ಬರೆದಿಡಲಿಲ್ಲ. ಅಮೆರಿಕದ ಮಾರ್ಮನ್ ಪಂಥದವರು ಈ ವಿಷಯದಲ್ಲಿ ಹೆಚ್ಚು ವ್ಯವಹಾರಸ್ಥರು. ತರುಣ ಪ್ರಚಾರಕರನ್ನು ಅವರು ಒಬ್ಬೊಬ್ಬರನ್ನಾಗಿ ಕಳಿಸುವುದಿಲ್ಲ, ಇಬ್ಬಿಬ್ಬರ ಜೋಡಿ ಮಾಡಿ ಕಳಿಸುತ್ತಾರೆ. ನಿವೃತ್ತರಾದವರು ತಮ್ಮ ಖರ್ಚಿನಲ್ಲೇ ತಿಂಗಳುಗಟ್ಟಲೆ ಪರದೇಶಕ್ಕೆ ಹೊರಡಬಹುದು, ಜೋಡಿ ಗಂಡಹೆಂಡಿರದೇ. ಆ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನಲ್ಲೂ ಇದೆ. ಯೂಟಾದಿಂದ ಬಂದ ಅಂಥ ಅಜ್ಜ ಅಜ್ಜಿ ಈ ಕಟ್ಟೆಯ ಮೇಲೆ ಬಂದು ಕೂತರೆ ನಮ್ಮ ಅಂಕಲ್ ಆಂಟಿಯ ಜೊತೆ ದೇವರ ವಿಷಯದಲ್ಲಿ ಒಂದು ಮಾತೂ ಹೊಂದಲಾರದು. ಜೊತೆಗಾರರ ವಿಷಯದಲ್ಲಿ ಸಂಜೆಯವರೆಗೆ ಮಾತಾಡಬಹುದು. ಅಂದಹಾಗೆ ಅವರಿಗೂ ಕಾಫಿ ನಿಷಿದ್ಧ.

ಆಂಟಿಯ ಫೋನು ಹೊಡೆದುಕೊಳ್ಳುತ್ತದೆ. ಮಾಗಡಿಯಿಂದ, ಅಣ್ಣನ ಮಗ. ಧನುರ್ಮಾಸ ಹಿಡಿಯುವುದರೊಳಗೆ ಮದುವೆಗಳನ್ನೆಲ್ಲ ಮುಗಿಸುವ ಅವಸರದ ದಿನಗಳು ಇವು. ಕಳೆದ ವಾರ ಅವನ ತಂಗಿಯ ಮದುವೆಯಾಗಿದೆ. "ಅತ್ತೆ, ಭಾನುವಾರ ಬೀಗರ ಊಟ. ಮದ್ವೆಗೆ ಬಂದು ಪಾಯಸ ತಿಂದು ಓಡೋದ್ರಿ, ಇದಕ್ಕೆ ಮಾಮನ್ನೂ ಕರ್ಕೊಂಡು ಬರ್ಲೇಬೇಕು." ಸ್ಪೀಕರ್ ಹಾಕದಿದ್ದರೂ ಅರ್ಧ ಮೈದಾನಕ್ಕೆ ಕೇಳುವ ದನಿ.

ಬೀಗರ ಊಟ ಅಂದರೆ ಬಾಡೂಟ. ಅಲ್ಲಿ ಎಲೆಯ ಮುಂದೆ ಕೂತು ಬೇಡ ಅಂದವನು ಊಟ ಬಿಟ್ಟಂತಲ್ಲ, ನೆಂಟಸ್ತಿಕೆ ಬಿಟ್ಟಂತೆ. ಕಳೆದ ಸಲ ಹೀಗೇ ಒಂದು ಕಡೆ ಹೋಗಿ, ಮೂಲೆಯಲ್ಲಿ ಮೊಸರನ್ನ ತಿಂದು ಎದ್ದದ್ದಕ್ಕೆ ಅಂಕಲ್‌ರ ಸ್ವಂತ ಷಡ್ಡಕ ಎರಡು ವರ್ಷ ಮಾತು ಬಿಟ್ಟಿದ್ದರು.

"ಭಾನುವಾರ ಸೇವೆ ಇದೆ ಅನ್ನು," ಎಂದು ಅಂಕಲ್ ಪಿಸುಗುಡುತ್ತಾರೆ.

"ಬರ್ತೀವಿ ಕಣಪ್ಪ," ಅನ್ನುತ್ತಾರೆ ಆಂಟಿ ಫೋನಿಗೆ. "ನಮ್ಮಿಬ್ಬರಿಗೆ ಹೆಸರುಬೇಳೆ ಪಾಯಸ ಒಂದು ಪಾತ್ರೇಲಿ ಬೇರೆ ಎತ್ತಿಡೋಕೆ ಹೇಳು ನಿಮ್ಮಮ್ಮಂಗೆ. ಬಡಿಸೋಕೆ ನಾನೇ ನಿಲ್ತೀನಿ."

ಫೋನು ಇಟ್ಟ ಮೇಲೆ ಅಂಕಲ್ ಕೇಳುತ್ತಾರೆ: "ಬಡಿಸ್ತೀಯಾ? ಅದನ್ನ?"

"ಅನ್ನ ಬಡಿಸ್ತೀನಿ ರೀ. ಅದು ಬಡಿಸೋಕೆ ಗಂಡಸ್ರಿರ್ತಾರೆ. ನೀವು ಹೋಗಿ ಷಡ್ಡಕರ ಪಕ್ಕ ಕೂತ್ಕೊಳಿ."

"ಕೂತು?"

"ಮಾತಾಡಿ. ಅದ್ವೈತ ಬೇಡ."

ಅಂಕಲ್ ಡಬ್ಬಿಯ ಮುಚ್ಚಳ ತಿರುಗಿಸುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕುತ್ತಾರೆ. ಮಾಗಡಿ ಬಸ್ಸು ಎಷ್ಟಕ್ಕೆ, ಸಂಜೆಯ ಆರತಿಗೆ ವಾಪಸ್ ಬರಲಾಗುತ್ತದೋ ಇಲ್ಲವೋ. ಆಮೇಲೆ ಚೀಲದ ಕಡೆ ನೋಡುತ್ತಾರೆ. "ಪುಸ್ತಕ ತಗೊಂಡು ಹೋಗೋಣ್ವಾ?"

"ಬೀಗರ ಊಟಕ್ಕಾ!"

"ಮುನ್ನೂರು ಜನ ಬರ್ತಾರೆ ಕಣೇ, ಒಂದೇ ಕಡೆ. ಸೆಕ್ಯುರಿಟಿ ಇರಲ್ಲ. ಹತ್ತು?"

"ಎರಡು."

"ಐದು. ಯಾರಾದ್ರೂ ಕೇಳಿದ್ರೆ ಮಾತ್ರ ತೆಗೀತೀನಿ."

"ಕೇಳಿದ್ರೆ," ಅನ್ನುತ್ತಾರೆ ಆಂಟಿ, "ಬೈದ್ರೆ ಅಲ್ಲ."